ಕಲ್ಲೊಳಗಿನ ಕಪ್ಪೆ, ತೊರೆಯೊಳಗಿನ ಕಪ್ಪೆ

ಕನಕದಾಸರ ಕೀರ್ತನೆ ಕೇಳಿ ಬೆಳೆದ ಕನ್ನಡಿಗರಿಗೆ ಕಲ್ಲೊಳಗಿನ ಕಪ್ಪೆ ಹೊಸದಲ್ಲ. ಕಲ್ಲಿನೊಳಗೆ ಕಪ್ಪೆಗಳು ನಿಜವಾಗಿಯೇ ಸಿಕ್ಕ ಜಾಗವೊಂದು ನಮ್ಮ ನೆರೆಯಲ್ಲೇ ಇದೆ. ಅದು ಮುಂಬೈನ ವರ್ಲಿ ಗುಡ್ಡ. ದಖ್ಖನ್ ಪ್ರಸ್ಥಭೂಮಿಯನ್ನು ಕಟ್ಟಿದ ಲಾವಾ ಒಂದು ಸಲಕ್ಕೆ ಹರಿದು ನಿಂತದ್ದಲ್ಲ. ಉಕ್ಕಿ ಹರಿಯುವುದು, ತಣಿಯುವುದು, ಮತ್ತೆ ಉಕ್ಕುವುದು, ಹೀಗೆ ನಡೆದಿತ್ತು. ನಡುವಿನ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು. ಅವುಗಳ ತಳದ ಕೆಸರು ಗಟ್ಟಿಯಾಗಿ ಪದರಗಲ್ಲಾಯಿತು. ಆ ಪದರಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು ಒತ್ತಿಟ್ಟ ಹೂವಿನಂತೆ ಉಳಿದುಕೊಂಡಿದ್ದವು.

1847ರಲ್ಲಿ ಅವುಗಳಿಗೆ ಹೆಸರು ಕೊಟ್ಟವರು ಲಂಡನ್ನಿನ ರಿಚರ್ಡ್ ಓವೆನ್. ‘ಡೈನೋಸಾರ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟ ಅಂಗರಚನಾ ಶಾಸ್ತ್ರಜ್ಞ ಅವರೇ. ಅವರ ಕಣ್ಣಿಗೆ ಇದು ಸಾಮಾನ್ಯ ಕಪ್ಪೆಯ ಜಾತಿಯದೇ, ಗಾತ್ರದಲ್ಲಿ ಮಾತ್ರ ಚಿಕ್ಕದು. ಹಾಗಾಗಿ ‘ರಾನಾ ಪುಸಿಲ್ಲಾ’ ಎಂದರು. ಪುಸಿಲ್ಲಾ ಎಂದರೆ ಲ್ಯಾಟಿನ್‌ನಲ್ಲಿ ಪುಟಾಣಿ. ಎಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ, 1930ರಲ್ಲಿ, ಅಮೆರಿಕದ ಜಿ. ಕೆ. ನೋಬಲ್ ಅದೇ ಕಲ್ಲುಗಳನ್ನು ಮತ್ತೆ ನೋಡಿ, ಇದು ರಾನಾ ಅಲ್ಲವೇ ಅಲ್ಲ, ಇದರ ನಂಟು ಆಸ್ಟ್ರೇಲಿಯಾದ ಕಪ್ಪೆಗಳ ಕಡೆಗಿದೆ ಎಂದು ಹೇಳಿ ‘ಇಂಡೊಬಟ್ರಾಕಸ್’ ಎಂಬ ಹೊಸ ಕುಲವನ್ನೇ ಕಟ್ಟಿದರು. ವರ್ಲಿಯ ಕಪ್ಪೆಗೆ ಆಸ್ಟ್ರೇಲಿಯಾದಲ್ಲಿ ನೆಂಟರೆ? ಭೂಖಂಡಗಳು ಅಲೆಯುತ್ತವೆ ಎಂಬ ಮಾತನ್ನು ಹೆಚ್ಚಿನ ಭೂವಿಜ್ಞಾನಿಗಳು ಇನ್ನೂ ಒಪ್ಪದಿದ್ದ ಕಾಲ ಅದು. ಇಂಡೊಬಟ್ರಾಕಸ್ ಯಾವ ಮನೆಯ ಮಗು ಎಂಬ ಚರ್ಚೆ ಇಂದಿಗೂ ಪೂರ್ತಿ ಮುಗಿದಿಲ್ಲ.

ಕಪ್ಪೆಗಳ ವಂಶವೃಕ್ಷ ಬರೆಯುವುದು ಎಷ್ಟು ಕಷ್ಟ ಎನ್ನುವುದಕ್ಕೆ ಈ ಒಂದು ಕಥೆ ಸಾಕು. ಇಂದು ಜಗತ್ತಿನಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಪ್ರಭೇದದ ಕಪ್ಪೆಗಳಿವೆ. ಅಷ್ಟೂ ದೂರದಿಂದ ನೋಡಿದರೆ ಒಂದೇ ಅಚ್ಚಿನಲ್ಲಿ ಎರೆದಂತಿವೆ. ಅಚ್ಚು ಒಂದೇ ಆದಾಗ ಅಣ್ಣ ಯಾರು, ದಾಯಾದಿ ಯಾರು, ಬರೀ ಹೋಲಿಕೆಯ ಅಪರಿಚಿತ ಯಾರು ಎಂದು ಹೇಳುವುದು ಹೇಗೆ?

ಮೊದಲು ಆ ಅಚ್ಚನ್ನೇ ಹತ್ತಿರದಿಂದ ನೋಡಬೇಕು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಹಳೆಯ ತಲೆಮಾರಿನವರಿಗೆ ಪ್ರಯೋಗಾಲಯದ ಮೇಣದ ತಟ್ಟೆ, ಗುಂಡುಸೂಜಿ, ಅಂಗಾತ ಮಲಗಿದ ಕಪ್ಪೆ ನೆನಪಿರುತ್ತದೆ. ಅದರ ಹೊಟ್ಟೆಯೊಳಗಿನದನ್ನು ಎಲ್ಲರೂ ನೋಡಿದ್ದರು, ಬೆನ್ನನ್ನು ಗಮನಿಸಿದವರು ಕಡಿಮೆ. ಮನುಷ್ಯನಿಗೆ ಕತ್ತಿನಿಂದ ಸೊಂಟದವರೆಗೆ ಬೆನ್ನುಮೂಳೆಯ 24 ಮಣಿಗಳಿದ್ದರೆ, ಕಪ್ಪೆಗೆ ಸಾಮಾನ್ಯವಾಗಿ ಎಂಟೇ. ಪಕ್ಕೆಲುಬಿನ ಗೂಡು ಇಲ್ಲ. ಬಾಲದ ಮಣಿಗಳೆಲ್ಲ ಬೆಸೆದುಕೊಂಡು ಒಂದೇ ಕಡ್ಡಿಯಾಗಿ ಸೊಂಟದೊಳಗೆ ಅಡಗಿದೆ. ಸೊಂಟದ ಎರಡು ಮೂಳೆಗಳು ಆ ಕಡ್ಡಿಯ ಅಕ್ಕಪಕ್ಕ ಗಾಡಿಯ ಮೂಕಿಗಳಂತೆ ಉದ್ದಕ್ಕೆ ಚಾಚಿವೆ. ಮುಂಗೈಯ ಎರಡು ಮೂಳೆಗಳು ಸೇರಿ ಒಂದು, ಮೊಣಕಾಲಿನ ಕೆಳಗಿನ ಎರಡು ಸೇರಿ ಒಂದು. ಹಿಮ್ಮಡಿಯ ಬಳಿಯ ಮೂಳೆಗಳು ಎಷ್ಟು ಉದ್ದವಾಗಿವೆಯೆಂದರೆ ಹಿಂಗಾಲಿಗೆ ಒಂದು ಮಡಿಕೆಯೇ ಹೆಚ್ಚು. ಬಿಲ್ಲಿಗೆ ಹೆದೆ ಏರಿಸಿದಂತೆ ಕೂತಿರುವ ದೇಹ ಇದು. ಬೆಸೆದ ಮೂಳೆ, ಕುಗ್ಗಿದ ಬೆನ್ನು, ಹೆಚ್ಚಿದ ಮಡಿಕೆ, ಇವೆಲ್ಲ ನೆಗೆತದ ಲೆಕ್ಕಕ್ಕೆ ಕೂಡಿಬಂದಂತೆ ಕಾಣುತ್ತವೆ.

ಈ ಅಚ್ಚು ಒಮ್ಮೆಲೇ ಆದದ್ದಲ್ಲ ಎಂದು ಸಾರುವ ಕಲ್ಲು ಸಿಕ್ಕಿದ್ದು ಮಡಗಾಸ್ಕರ್‌ನ ಉತ್ತರ ಭಾಗದಲ್ಲಿ. 1930ರ ದಶಕದಲ್ಲಿ ಅಡ್ರಿಯನ್ ಮಾಸಿನೊ ಎಂಬ ಸಂಗ್ರಾಹಕನಿಗೆ ಸಿಕ್ಕ ಆ ಕಲ್ಲುಗುಂಡಿನೊಳಗೆ ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಪ್ರಾಣಿಯೊಂದರ ಅಚ್ಚಿತ್ತು. ಮೂಳೆ ಕರಗಿಹೋಗಿ, ಮೂಳೆ ಇದ್ದ ಜಾಗ ಮಾತ್ರ ಖಾಲಿಯಾಗಿ ಉಳಿದಿತ್ತು. ಫ್ರಾನ್ಸಿನ ಜಾನ್ ಪಿವೆಟೊ 1936ರಲ್ಲಿ ಅದನ್ನು ವಿವರಿಸಿದರು. ಇಂದು ಅದರ ಹೆಸರು ಟ್ರಯಾಡೊಬಟ್ರಾಕಸ್. ವಯಸ್ಸು 25 ಕೋಟಿ ವರ್ಷ. ತಲೆ ಕಪ್ಪೆಯದೇ, ಅಗಲ, ಚಪ್ಪಟೆ. ಆದರೆ ಸೊಂಟಕ್ಕೆ ಮುಂಚೆ 14 ಮಣಿಗಳು. ಹಿಂದೆ ಮೊಟಕಾದರೂ ಬಾಲವೇ. ಮುಂಗೈಯಲ್ಲೂ ಕಾಲಿನಲ್ಲೂ ಮೂಳೆಗಳು ಇನ್ನೂ ಬೆಸೆದಿಲ್ಲ. ಅದು ನೆಗೆಯುತ್ತಿರಲಿಲ್ಲ, ನಡೆಯುತ್ತಿತ್ತು ಎಂಬುದೇ ಹೆಚ್ಚಿನವರ ಅಭಿಪ್ರಾಯ. ಮನೆಯ ಪಾಯ ಹಾಕಿ, ಗೋಡೆ ಎಬ್ಬಿಸಿ, ಚಾವಣಿ ಹೊದಿಸುವ ಮೊದಲೇ ತೆಗೆದ ಫೋಟೋದಂತಿದೆ ಆ ಕಲ್ಲು. ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ನೆಂಟನ ಮೂಳೆಚೂರುಗಳು ಪೋಲೆಂಡಿನಲ್ಲೂ ಸಿಕ್ಕಿವೆ.

ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ಟೆಕ್ಸಾಸ್‌ನಲ್ಲಿ ಸಿಕ್ಕ ಜೆರೊಬಟ್ರಾಕಸ್ ಎದುರಾಗುತ್ತದೆ, ಸುಮಾರು 29 ಕೋಟಿ ವರ್ಷ ಹಳೆಯದು. 2008ರಲ್ಲಿ ಪ್ರಕಟವಾದಾಗ ಅದು ಕಪ್ಪೆಗೂ ಸಲಮಾಂಡರ್‌ಗೂ ಸಮಾನ ಹಿರಿಯನಂತೆ ಕಂಡಿತು. ಉಭಯವಾಸಿಗಳ ಮೂರನೆಯ ಶಾಖೆ, ಎರೆಹುಳುವಿನಂತೆ ಮಣ್ಣಿನೊಳಗೆ ಬದುಕುವ ಕಾಲಿಲ್ಲದ ಸಿಸಿಲಿಯನ್‌ಗಳು, ಈ ಮರಕ್ಕೆ ಎಲ್ಲಿ ಕೂಡಿಕೊಳ್ಳುತ್ತವೆ ಎಂಬಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ನೆಗೆತ ಬಂದದ್ದು ಯಾವಾಗ? ಅರಿಜೋನಾದ ನವಾಹೋ ಜನರ ನೆಲದಲ್ಲಿ ಸಿಕ್ಕ, 1995ರಲ್ಲಿ ಹೆಸರು ಪಡೆದ ‘ಪ್ರೊಸಲೈರಸ್ ಬಿಟಿಸ್’ ಇದಕ್ಕೆ ಉತ್ತರ ಕೊಡುತ್ತದೆ. ಮೊದಲ ಪದಕ್ಕೆ ಲ್ಯಾಟಿನ್‌ನಲ್ಲಿ ಮುಂದಕ್ಕೆ ನೆಗೆ ಎಂಬ ಅರ್ಥ, ಎರಡನೆಯದು ನವಾಹೋ ಭಾಷೆಯ ಪದ. ಸುಮಾರು 19 ಕೋಟಿ ವರ್ಷ ಹಿಂದಿನ ಈ ಕಪ್ಪೆಯಲ್ಲಿ ಉದ್ದನೆಯ ಸೊಂಟದ ಮೂಳೆ, ಬೆಸೆದ ಕಾಲಿನ ಮೂಳೆ, ಬಾಲದ ಕಡ್ಡಿ ಎಲ್ಲವೂ ಸಿದ್ಧವಾಗಿದ್ದವು. ಅದೇ ಜುರಾಸಿಕ್ ಯುಗದಲ್ಲಿ ಅರ್ಜೆಂಟೀನಾದಲ್ಲಿ ಮೂರು ಸೆಂಟಿಮೀಟರಿನ ವಿಯೆರೆಲ್ಲಾ ಕೂಡ ಇತ್ತು. ಅಂದರೆ ಡೈನೋಸಾರ್‌ಗಳ ಕಾಲ ಇನ್ನೂ ಅರ್ಧಕ್ಕೆ ಬರುವ ಮೊದಲೇ ಕಪ್ಪೆ ಕಪ್ಪೆಯಾಗಿತ್ತು.

ಗೊದಮೊಟ್ಟೆಯ ವಿಷಯ ಬಹುಕಾಲ ಕತ್ತಲಲ್ಲೇ ಇತ್ತು. ಮೂಳೆಯಿಲ್ಲದ, ಲೋಳೆಯಂಥ ಮರಿ ಕಲ್ಲಾಗಿ ಉಳಿಯುವುದಾದರೂ ಹೇಗೆ? ಅದೃಷ್ಟ ತೆರೆದದ್ದು ಅರ್ಜೆಂಟೀನಾದ ಸಾಂತಾ ಕ್ರೂಸ್ ಪ್ರಾಂತ್ಯದಲ್ಲಿ. 2020ರ ಜನವರಿಯಲ್ಲಿ ಡೈನೋಸಾರ್ ಮೂಳೆ ಹುಡುಕುತ್ತಿದ್ದ ತಂಡಕ್ಕೆ ಕಲ್ಲಿನ ಮೇಲೆ ವಿಚಿತ್ರ ಗುರುತೊಂದು ಕಂಡಿತು. ಅದು ನೊಟೊಬಟ್ರಾಕಸ್ ಎಂಬ ಕಪ್ಪೆಯ ಗೊದಮೊಟ್ಟೆ, ವಯಸ್ಸು 16 ಕೋಟಿ ವರ್ಷ. ಕಣ್ಣಿನ ಗುರುತು, ನರಗಳ ಗುರುತು, ಕಿವಿರಿನ ಎಲುಬುಗೂಡು ಎಲ್ಲ ಉಳಿದಿದ್ದವು. 2024ರಲ್ಲಿ ಇದರ ವಿವರ ಪ್ರಕಟವಾಯಿತು. ಗೊದಮೊಟ್ಟೆಯ ಉದ್ದ ಸುಮಾರು 16 ಸೆಂಟಿಮೀಟರ್! ಶಾಲೆಯ ಮಕ್ಕಳು ಬಳಸುವ ಸ್ಕೇಲಿಗಿಂತ ಉದ್ದ. ನೀರನ್ನು ಸೋಸಿ ತಿನ್ನುವ ವ್ಯವಸ್ಥೆ ಇಂದಿನ ಗೊದಮೊಟ್ಟೆಗಳಲ್ಲಿ ಹೇಗಿದೆಯೋ ಅದರಲ್ಲೂ ಹಾಗೇ ಇತ್ತು. ನೀರಿನಲ್ಲೊಂದು ಬಾಳು, ನೆಲದಲ್ಲೊಂದು ಬಾಳು ಎಂಬ ಏರ್ಪಾಡು ಅಷ್ಟು ಹಳೆಯದು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕಲ್ಲು ಹೇಳದ ಕೆಲವನ್ನು ಬದುಕಿರುವ ಕಪ್ಪೆಗಳೇ ಹೇಳುತ್ತವೆ. ನ್ಯೂಜಿಲೆಂಡಿನ ಲಿಯೊಪೆಲ್ಮಾ, ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟದ ತೊರೆಗಳಲ್ಲಿರುವ ಆಸ್ಕಾಫಸ್, ಇವೆರಡು ಇಂದಿನ ಕಪ್ಪೆಗಳ ಮರದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯವು. ಇವುಗಳ ಬೆನ್ನಿನಲ್ಲಿ ಸೊಂಟಕ್ಕೆ ಮುಂಚೆ ಎಂಟಲ್ಲ, ಒಂಬತ್ತು ಮಣಿ. ಬಾಲವಿಲ್ಲದಿದ್ದರೂ ಬಾಲ ಅಲ್ಲಾಡಿಸುವ ಸ್ನಾಯು ಉಳಿದಿದೆ. ಈಜುವಾಗ ಎರಡು ಕಾಲನ್ನೂ ಒಟ್ಟಿಗೆ ಒದೆಯುವುದಿಲ್ಲ, ಒಂದಾದ ಮೇಲೊಂದು. ಎಲ್ಲಕ್ಕಿಂತ ಸೋಜಿಗ ಇವುಗಳ ನೆಗೆತ. ಹಾರುವುದೇನೋ ಚೆನ್ನಾಗಿಯೇ ಹಾರುತ್ತವೆ, ಇಳಿಯುವುದು ಮಾತ್ರ ಹೊಟ್ಟೆಯ ಮೇಲೆ, ಧಪ್ಪನೆ. ಬೇರೆ ಕಪ್ಪೆಗಳು ಗಾಳಿಯಲ್ಲಿರುವಾಗಲೇ ಹಿಂಗಾಲನ್ನು ಒಳಗೆಳೆದುಕೊಂಡು ಮುಂಗೈ ಊರಿ ನಿಲ್ಲುತ್ತವೆ. ಇವಕ್ಕೆ ಆ ಚಾಕಚಕ್ಯತೆ ಇಲ್ಲ. 2010ರಲ್ಲಿ ಇದನ್ನು ವಿಡಿಯೊ ಚಿತ್ರಗಳಿಂದ ಅಳೆದು ನೋಡಿದವರು ಕಪ್ಪೆಗಳು ಮೊದಲು ಹಾರಲು ಕಲಿತು ಆಮೇಲೆ ಇಳಿಯಲು ಕಲಿತವು ಎಂದು ತೀರ್ಮಾನಿಸಿದರು. ಯಾವ ಪಳೆಯುಳಿಕೆಯಿಂದಲೂ ಈ ಮಾತು ತಿಳಿಯುತ್ತಿರಲಿಲ್ಲ.

ಆದರೆ ಹೊರರೂಪ ನಂಬಿ ನಂಟು ಹೇಳಹೊರಟರೆ ಮೋಸ ಹೋಗುವುದು ಖಚಿತ. ಮಲೆನಾಡಿನ ಮಳೆಗಾಲದಲ್ಲಿ ಮರದಿಂದ ಮರಕ್ಕೆ ತೇಲುವ ಹಸಿರು ಹಾರುಗಪ್ಪೆಗೂ ದಕ್ಷಿಣ ಅಮೆರಿಕದ ಮರಗಪ್ಪೆಗೂ ಬೆರಳ ತುದಿಯಲ್ಲಿ ಒಂದೇ ಥರದ ಅಂಟು ಬಿಲ್ಲೆ. ನೋಡಿದವರು ಒಡಹುಟ್ಟು ಎನ್ನಬೇಕು. ನಿಜಕ್ಕೂ ನಮ್ಮ ಹಾರುಗಪ್ಪೆಗೆ ಹತ್ತಿರದ ಬಂಧುಗಳಿರುವುದು ಮಡಗಾಸ್ಕರ್‌ನ ಮ್ಯಾಂಟೆಲ್ಲಾ ಕುಟುಂಬದಲ್ಲಿ. ಅಮೆರಿಕದ ಮರಗಪ್ಪೆ ಬೇರೆಯೇ ದೊಡ್ಡ ಕೊಂಬೆಯದು. ಮರ ಹತ್ತುವ ಬದುಕು ಬೇಡಿದ್ದನ್ನು ಎರಡೂ ಬೇರೆ ಬೇರೆಯಾಗಿ ಪಡೆದವು, ಅಷ್ಟೇ. ಮಣ್ಣು ತೋಡುವ ಕಪ್ಪೆಗಳ ಕಥೆಯೂ ಇದೇ. ಉಬ್ಬಿದ ದೇಹ, ಗಿಡ್ಡ ಕಾಲು, ಹಿಮ್ಮಡಿಯಲ್ಲಿ ಗುದ್ದಲಿಯಂಥ ಗಂಟು ಮತ್ತೆ ಮತ್ತೆ ಹುಟ್ಟಿವೆ. ಕಳೆದುಹೋದದ್ದು ಮರಳಿ ಬಂದದ್ದೂ ಉಂಟು. ಕಪ್ಪೆಗಳ ಕೆಳದವಡೆಯಲ್ಲಿ ಹಲ್ಲಿಲ್ಲ, ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆಯೇ ಹೋಯಿತು. ಆದರೆ ಈಕ್ವೆಡಾರ್, ಕೊಲಂಬಿಯಾಗಳ ‘ಗ್ಯಾಸ್ಟ್ರೊಥಿಕಾ ಗುಂಥೆರಿ’ ಎಂಬ ಒಂದೇ ಒಂದು ಕಪ್ಪೆಗೆ ಕೆಳಗೂ ನಿಜವಾದ ಹಲ್ಲುಗಳಿವೆ. ಮೂಳೆಗಳನ್ನಷ್ಟೇ ನೆಚ್ಚಿಕೊಂಡವರು ಇದನ್ನು ಮರದ ಬುಡದಲ್ಲೇ ಕೂರಿಸಿಬಿಡುತ್ತಿದ್ದರು. ಡಿಎನ್‌ಎ ಅದನ್ನು ಕೊಂಬೆಯ ತುದಿಯಲ್ಲಿ ಕೂರಿಸಿತು.

ಡಿಎನ್‌ಎ ಓದು ಕೈಗೆ ಬಂದ ಮೇಲೆ ಮರದ ಚಿತ್ರ ಬೇಗಬೇಗ ಬದಲಾಯಿತು. 2017ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳ ತಂಡ 156 ಪ್ರಭೇದಗಳ 95 ಜೀನ್‌ಗಳನ್ನು ಒಟ್ಟಿಗಿಟ್ಟು ನೋಡಿತು. ಇಂದಿನ ಕಪ್ಪೆಗಳಲ್ಲಿ ಶೇಕಡ 88ರಷ್ಟು ಮೂರೇ ಮೂರು ವಂಶಗಳಿಗೆ ಸೇರಿದವು, ಮೂರೂ ವಂಶಗಳು ಕವಲೊಡೆದು ಹರಡಿದ್ದು 6.6 ಕೋಟಿ ವರ್ಷ ಹಿಂದಿನ ಆ ಮಹಾ ವಿನಾಶದ ಬೆನ್ನಿಗೇ ಎಂಬುದು ಅದರ ಫಲಿತಾಂಶ. ಆಕಾಶಕಾಯ ಬಂದು ಬಡಿದು, ಕಾಡು ಸತ್ತು, ಡೈನೋಸಾರ್‌ಗಳು ಅಳಿದವು. ಕಪ್ಪೆಗಳೂ ಬಹಳಷ್ಟು ಅಳಿದಿರಬೇಕು. ಕಾಡು ಮತ್ತೆ ಚಿಗುರಿದಾಗ ಬದುಕುಳಿದ ಕೆಲವೇ ವಂಶಗಳಿಗೆ ಖಾಲಿ ಮನೆಗಳು ಸಿಕ್ಕವು. ಮರದ ಮೇಲಿನ ಕೋಣೆಗಳಿಗೂ ಅವು ಹತ್ತಿದವು. ವರ್ಲಿಯ ಪುಟ್ಟ ಕಪ್ಪೆಗಳು ಕೆರೆಯ ತಳ ಸೇರಿದ್ದೂ ಇದೇ ಕಾಲದ ಆಸುಪಾಸಿನಲ್ಲಿ.

ಹಾಗೆಂದು ಡಿಎನ್‌ಎ ಬಂತು, ಕಲ್ಲಿನ ಕೆಲಸ ಮುಗಿಯಿತು ಎಂದಲ್ಲ. ಮೂಳೆಗೂ ಜೀನಿಗೂ ನಡೆದಿರುವ ಒಂದು ಜಗಳ ಇನ್ನೂ ಬಗೆಹರಿದಿಲ್ಲ. ಮಡಗಾಸ್ಕರ್‌ನಲ್ಲಿ ಸುಮಾರು ಏಳು ಕೋಟಿ ವರ್ಷ ಹಿಂದೆ ಬದುಕಿದ್ದ ‘ಬೀಲ್ಜೆಬುಫೊ’ ಎಂಬ ದೈತ್ಯ ಕಪ್ಪೆಯನ್ನು 2008ರಲ್ಲಿ ಸೂಸನ್ ಇವಾನ್ಸ್, ಡೇವಿಡ್ ಕ್ರಾಸ್ ಮತ್ತಿತರರು ವಿವರಿಸಿದರು. ಬೀಲ್ಜೆಬಬ್ ಎಂದರೆ ಸೈತಾನ, ಬುಫೊ ಎಂದರೆ ನೆಲಗಪ್ಪೆ. ಮೊದಲು ಉದ್ದ ನಲವತ್ತು ಸೆಂಟಿಮೀಟರ್ ದಾಟಬಹುದು ಎಂದಿದ್ದರು, ಹೆಚ್ಚಿನ ಮೂಳೆಗಳು ಸಿಕ್ಕ ಮೇಲೆ ಅಂದಾಜು 23ರ ಸುಮಾರಿಗೆ ಇಳಿಯಿತು. ಆದರೂ ಸಣ್ಣ ಪ್ರಾಣಿಯೇನಲ್ಲ. ಅದರ ಅಗಲ ತಲೆ, ರಕ್ಷಾಕವಚದಂಥ ಕಪಾಲ ದಕ್ಷಿಣ ಅಮೆರಿಕದ ಕೊಂಬುಗಪ್ಪೆಗಳನ್ನೇ ಹೋಲುತ್ತವೆ, ಅವೇ ಅದರ ಬಂಧುಗಳು ಎಂದು ಮೂಳೆ ನೋಡಿದವರು ಹೇಳುತ್ತಾರೆ. ಆ ಕೊಂಬುಗಪ್ಪೆಗಳ ವಂಶ ಹುಟ್ಟಿದ್ದೇ 6.6 ಕೋಟಿ ವರ್ಷಗಳ ಈಚೆಗೆ ಎನ್ನುವುದು ಜೀನ್ ಓದಿದವರ ವಾದ. ಎರಡೂ ಸರಿಯಾಗಲು ಸಾಧ್ಯವಿಲ್ಲ. ಹೋಲಿಕೆ ಬರೀ ಆಕಸ್ಮಿಕವಿರಬಹುದು, ಇಲ್ಲವೇ ಜೀನಿನ ಗಡಿಯಾರ ತಪ್ಪು ತೋರಿಸುತ್ತಿರಬಹುದು. ಆ ಗಡಿಯಾರಕ್ಕೆ ಕೀಲಿ ಕೊಡುವುದೂ ಪಳೆಯುಳಿಕೆಗಳೇ ತಾನೆ? ಎರಡು ಪ್ರಭೇದಗಳ ಡಿಎನ್‌ಎಯಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಎಣಿಸಬಹುದು. ಆ ವ್ಯತ್ಯಾಸಕ್ಕೆ ಎಷ್ಟು ವರ್ಷ ಹಿಡಿಯಿತೆಂದು ಹೇಳಲು ವಯಸ್ಸು ಗೊತ್ತಿರುವ ಕಲ್ಲು ಬೇಕೇ ಬೇಕು.

ಎರಡೂ ಕೈಜೋಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ಇಸ್ರೇಲಿನ ಹುಲಾ ಕಣಿವೆಯ ಕಪ್ಪೆಗಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ. 1943ರಲ್ಲಿ ಹೆಸರು ಪಡೆದ ಈ ಕಪ್ಪು ಹೊಟ್ಟೆಯ, ಬಿಳಿ ಚುಕ್ಕಿಯ ಕಪ್ಪೆ ವಾಸವಿದ್ದ ಜೌಗನ್ನು 1950ರ ದಶಕದಲ್ಲಿ ಬರಿದು ಮಾಡಲಾಯಿತು. 1996ರಲ್ಲಿ ಅದನ್ನು ಅಳಿದುಹೋದದ್ದೆಂದು ಘೋಷಿಸಿದರು. 2011ರಲ್ಲಿ ಉಳಿಸಿಕೊಂಡಿದ್ದ ಜೌಗಿನ ತುಣುಕಿನಲ್ಲೇ ಅದು ಜೀವಂತ ಕಂಡಿತು. ಸರಿ, ಡಿಎನ್‌ಎ ಓದಿದರು, ಮೂಳೆಯನ್ನು ಯುರೋಪಿನ ಪಳೆಯುಳಿಕೆಗಳ ಪಕ್ಕದಲ್ಲಿಟ್ಟು ನೋಡಿದರು. ಇಷ್ಟು ದಿನ ಅಂಟಿಸಿದ್ದ ಕುಲದ ಹೆಸರೇ ತಪ್ಪು! ಇದು ಕಲ್ಲುಗಳಲ್ಲಿ ಮಾತ್ರ ಕಂಡಿದ್ದ, ಪೂರ್ತಿ ಅಳಿದಿದೆಯೆಂದು ನಂಬಿದ್ದ ಲಟೋನಿಯಾ ಕುಲದ ಕೊನೆಯ ಕುಡಿ. ಸತ್ತಿದೆ ಎಂದು ಎರಡೆರಡು ಸಲ ಬರೆಸಿಕೊಂಡ ಕಪ್ಪೆ ಇವತ್ತಿಗೂ ಆ ಜೌಗಿನಲ್ಲಿ ಮೊಟ್ಟೆಯಿಡುತ್ತಿದೆ.

ಭೂಪಟದ ಕಡೆಗೆ ಬರೋಣ. ಕಪ್ಪೆಯ ಚರ್ಮ ನೀರು ಕುಡಿಯುವ ಚರ್ಮ, ಉಪ್ಪುನೀರು ಅದಕ್ಕೆ ವಿಷ. ಸಮುದ್ರ ದಾಟುವುದು ಅಸಾಧ್ಯವಲ್ಲ, ಬಲು ಅಪರೂಪ. ಜ್ವಾಲಾಮುಖಿಯಿಂದ ಎದ್ದ ಮಯೋಟ್ ದ್ವೀಪದಲ್ಲಿ ಮಡಗಾಸ್ಕರ್ ಮೂಲದ ಎರಡು ಕಪ್ಪೆಗಳಿವೆ. ಎಂದೋ ತೇಲುವ ಮರದ ದಿಮ್ಮಿಯನ್ನೋ ಗಿಡಗಂಟಿಯನ್ನೋ ಹಿಡಿದು ಬಂದಿರಬೇಕು. ಉಳಿದಂತೆ ಕಪ್ಪೆಗಳು ಹೋದದ್ದು ನೆಲ ಹೋದ ಕಡೆಗೇ. 2020ರಲ್ಲಿ ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದಿಂದ ಸುಮಾರು ನಾಲ್ಕು ಕೋಟಿ ವರ್ಷ ಹಿಂದಿನ ಕಪ್ಪೆಯ ಸೊಂಟದ ಮೂಳೆ ಮತ್ತು ತಲೆಬುರುಡೆಯ ತುಣುಕು ಬೆಳಕಿಗೆ ಬಂದವು. ಅದರ ಇಂದಿನ ಬಂಧುಗಳು ಚಿಲಿಯಲ್ಲಿವೆ, ಆ ಇಡೀ ಕುಟುಂಬಕ್ಕೆ ಹತ್ತಿರದ ದಾಯಾದಿಗಳು ಆಸ್ಟ್ರೇಲಿಯಾದಲ್ಲಿ. ದಕ್ಷಿಣ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿ ಅಂಟಾರ್ಕ್ಟಿಕಾ ಆಗಿತ್ತು, ಅಲ್ಲಿ ಆಗ ಇಂದಿನಂತೆ ಹಿಮ ಮುಚ್ಚಿರಲಿಲ್ಲ, ತೊರೆಗಳೂ ಕಪ್ಪೆಗಳೂ ಇದ್ದವು.

ಈ ಭೂಪಟದಲ್ಲಿ ಸಹ್ಯಾದ್ರಿಗೆ ದೊಡ್ಡ ಜಾಗವಿದೆ. 2003ರಲ್ಲಿ ಭಾರತದ ಕಪ್ಪೆ ಸಂಶೋಧಕ ಎಸ್. ಡಿ. ಬಿಜು ಮತ್ತು ಬೆಲ್ಜಿಯಂನ ಫ್ರಾಂಕಿ ಬೊಸ್ಸುಯ್ಟ್ ಕೇರಳದ ಇಡುಕ್ಕಿಯಿಂದ ಒಂದು ವಿಚಿತ್ರ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದರು. ಬದನೆಕಾಯಿ ಬಣ್ಣ, ಊದಿದ ಮೈ, ಹಂದಿಯ ಮೂತಿಯಂತೆ ಚೂಪಾಗಿ ಬೆಳ್ಳಗಿನ ಮೂಗು, ಹೆಸರು ‘ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್’. ನಾಸಿಕವೂ ನಮ್ಮದೇ, ಸಹ್ಯಾದ್ರಿಯೂ ನಮ್ಮದೇ. ವರ್ಷದ ಬಹುಪಾಲು ಮಣ್ಣಿನೊಳಗೆ ಗೆದ್ದಲು ತಿಂದುಕೊಂಡಿದ್ದು, ಮುಂಗಾರಿನ ಮೊದಲ ಮಳೆಗಳಿಗೆ ಕೆಲವೇ ದಿನ ಹೊರಬಂದು, ತೊರೆಯಲ್ಲಿ ಮೊಟ್ಟೆಯಿಟ್ಟು ಮತ್ತೆ ಮಣ್ಣು ಸೇರುತ್ತದೆ. ಪಾತಾಳದಿಂದ ವರ್ಷಕ್ಕೊಮ್ಮೆ ಬರುವ ಬಲಿ ಚಕ್ರವರ್ತಿಯ ಹೆಸರನ್ನು ಮಲಯಾಳಿಗಳು ಇದಕ್ಕೆ ಇಟ್ಟಿದ್ದಾರೆ. ಅದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದಿಲ್ಲ. ಡಿಎನ್‌ಎ ತೋರಿಸಿಕೊಟ್ಟ ಅದರ ಹತ್ತಿರದ ಬಂಧುಗಳು ಇರುವುದು ಹೆಚ್ಚುಕಡಿಮೆ ಮೂರು ಸಾವಿರ ಕಿಲೋಮೀಟರ್ ಆಚೆಯ ಸೀಶೆಲ್ಸ್ ದ್ವೀಪಗಳಲ್ಲಿ. ಅಲ್ಲಿನ ನಾಲ್ಕು ಪ್ರಭೇದಗಳಲ್ಲಿ ಒಂದು ಬೆರಳುಗುರಿನಷ್ಟೇ ದೊಡ್ಡದು. ನೋಟದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ, ರಕ್ತದಲ್ಲಿ ಸೋದರರು. ಭಾರತ, ಸೀಶೆಲ್ಸ್ ಒಂದೇ ನೆಲವಾಗಿದ್ದವು. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್‌ನಿಂದ ಕಳಚಿಕೊಂಡು, ಆಮೇಲೆ ಸೀಶೆಲ್ಸನ್ನೂ ಹಿಂದೆ ಬಿಟ್ಟು ಭಾರತ ಉತ್ತರಕ್ಕೆ ತೇಲಿತು. ಇವೆರಡು ವಂಶಗಳು ಬೇರೆಯಾದ ಕಾಲವನ್ನು ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ, ಅಂತರ ಕೋಟಿಗಟ್ಟಲೆ ವರ್ಷಗಳದ್ದು. ನಂಟಿನ ಬಗ್ಗೆ ಮಾತ್ರ ತಕರಾರಿಲ್ಲ.

ಇಲ್ಲಿ ಬೆಂಗಳೂರಿನವರು ನೆನೆಯಬೇಕಾದ ಒಂದು ಹೆಸರಿದೆ. ಬಲಿಯ ಹೆಸರಿನ ಆ ಕಪ್ಪೆಯ ಬೆಳೆದ ರೂಪ 2003ರಲ್ಲಿ ವಿಜ್ಞಾನಕ್ಕೆ ಸಿಕ್ಕಿತು ನಿಜ. ಆದರೆ ಸೆಳೆತದ ನೀರಿನಲ್ಲಿ ಬಂಡೆಗೆ ಬಾಯಿಯಿಂದ ಕಚ್ಚಿಕೊಳ್ಳುವ ಅದರ ಗೊದಮೊಟ್ಟೆಯನ್ನು 1918ರ ಸುಮಾರಿಗೇ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನ್ನಾಂಡೇಲ್ ಅವರೊಂದಿಗೆ ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್. ಯಾವ ಕಪ್ಪೆಯ ಮರಿ ಎಂದು ಆಗ ತಿಳಿಯುವಂತಿರಲಿಲ್ಲ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರೂ ಆಗಿದ್ದ ಅವರು 1937ರಲ್ಲಿ ಮಲೆನಾಡಿನ ಹಲವು ಕಪ್ಪೆಗಳಿಗೆ ಹೆಸರಿಟ್ಟರು. ಅವರು ಕೂಡಿಟ್ಟ ಮಾದರಿಗಳು ಮುಂದೆ ಕಳೆದುಹೋದವು, ಅದರಿಂದ ಆ ಕಪ್ಪೆಗಳನ್ನು ಮತ್ತೆ ಗುರುತಿಸುವುದು ಎಷ್ಟೋ ದಶಕ ತಲೆನೋವಾಗಿಯೇ ಉಳಿಯಿತು. ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳ ಕುಲಕ್ಕೆ 2010ರಲ್ಲಿ ‘ರಾವೊರ್ಕೆಸ್ಟೆಸ್’ ಎಂದು ಹೆಸರಿಟ್ಟದ್ದು ಈ ರಾವ್ ಅವರ ನೆನಪಿಗೆ.

ರಾವ್ ಹೆಸರಿಟ್ಟವುಗಳಲ್ಲಿ ಒಂದು ಕೊಟ್ಟಿಗೆಹಾರದ ಕಪ್ಪೆ. ಚಾರ್ಮಾಡಿ ಘಾಟಿ ಹತ್ತಿದ ಮೇಲೆ ನೀರ್‌ದೋಸೆಗೆ ಬಸ್ಸು ನಿಲ್ಲುವ ಅದೇ ಕೊಟ್ಟಿಗೆಹಾರ. ತೊರೆಯ ಭೋರ್ಗರೆತದಲ್ಲಿ ಕೂಗು ಕೇಳಿಸದೆ ಹೋಗಬಹುದೆಂದೋ ಏನೋ, ಇದರ ಗಂಡು ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬಾವುಟದಂತೆ ಬೀಸುತ್ತದೆ. ಇದು ಸೇರಿದ ಮಿಕ್ರಿಕ್ಸಾಲಿಡೇ ಕುಟುಂಬ ಭಾರತದ ಹೊರಗೆ ಎಲ್ಲೂ ಇಲ್ಲ. ಒದ್ದೆ ಬಂಡೆಯ ಮೇಲೆ ತೆವಳಿ ಬೆಳೆಯುವ ಗೊದಮೊಟ್ಟೆಗಳ ಇಂಡಿರಾನಾ ಕುಟುಂಬವೂ ಅಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಯನಾಡಿನ ಬೆಟ್ಟವೊಂದರಲ್ಲಿ ಕಂಡು 2019ರಲ್ಲಿ ವಿವರಿಸಿದ ನಕ್ಷತ್ರಚುಕ್ಕಿಯ ಕಪ್ಪೆ ‘ಆಸ್ಟ್ರೊಬಟ್ರಾಕಸ್ ಕುರಿಚಿಯಾನಾ’ ಇನ್ನೂ ಒಂಟಿ. ಹತ್ತಿರದ ಬಂಧುಗಳಿಂದ ಅದು ಬೇರೆಯಾಗಿ ಆರೇಳು ಕೋಟಿ ವರ್ಷಗಳಾಗಿವೆ, ಆ ಕೊಂಬೆಯಲ್ಲಿ ಗೊತ್ತಿರುವ ಎಲೆ ಅದೊಂದೇ.

ಸಿದ್ದಾಪುರದ ಕತ್ತಲೆಕಾನಿನಲ್ಲಿ, ರಾಂಪತ್ರೆ ಜಡ್ಡಿಗಳೆಂಬ ಜೌಗುಗಾಡಿನ ತೊರೆಗಳಲ್ಲಿ, ಕುಂಬಾರ ಕಪ್ಪೆ ಇದೆ. ಕಪ್ಪೆ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದೇ ಹೆಸರಿಟ್ಟರು. ರಾತ್ರಿ ಹೊತ್ತು ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಗಂಡು ಉಳಿಯುತ್ತದೆ. ತೊರೆಯ ತಳದಿಂದ ಮುಂಗೈಯಲ್ಲಿ ಕೆಸರು ತೆಗೆದು, ಹಿಂಗಾಲಿನ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಬಳಿಯುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಬಳಿಯುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಇರಬಹುದು. ಇಂಥ ನಡವಳಿಕೆ ಯಾವ ಕಲ್ಲಿನಲ್ಲೂ ಅಚ್ಚಾಗುವುದಿಲ್ಲ. ಕಪ್ಪೆ ಇರುವವರೆಗೆ ಮಾತ್ರ ಅದು ಇರುತ್ತದೆ.

2023ರ ಜಾಗತಿಕ ಗಣನೆಯ ಪ್ರಕಾರ ಉಭಯವಾಸಿಗಳಲ್ಲಿ ಶೇಕಡ 41ರಷ್ಟು ಪ್ರಭೇದಗಳು ಅಳಿವಿನ ಅಂಚಿಗೆ ಸರಿಯುತ್ತಿವೆ, ಬೆನ್ನುಮೂಳೆಯಿರುವ ಬೇರೆ ಯಾವ ವರ್ಗಕ್ಕೂ ಇಷ್ಟು ಅಪಾಯವಿಲ್ಲ. ಆ ಸಂಖ್ಯೆ ಎಲ್ಲ ಪ್ರಭೇದಗಳನ್ನೂ ಒಂದೊಂದಾಗಿ ಎಣಿಸುತ್ತದೆ. ನೂರಾರು ಹತ್ತಿರದ ಬಂಧುಗಳಿರುವ ಕಪ್ಪೆಯೊಂದು ಹೋದರೆ ಮರದ ಒಂದು ಎಲೆ ಉದುರುತ್ತದೆ, ಸಹ್ಯಾದ್ರಿಯ ಈ ಕುಟುಂಬಗಳಲ್ಲಿ ಒಂದು ಹೋದರೆ ಕೋಟಿಗಟ್ಟಲೆ ವರ್ಷಗಳ ಕೊಂಬೆಯೇ ಮುರಿಯುತ್ತದೆ. ಕುಂಬಾರ ಕಪ್ಪೆಗೆ ಬೇಕಾದದ್ದು ದೊಡ್ಡದೇನಲ್ಲ. ಹರಿಯುವ ತಿಳಿನೀರು, ಮೇಲೆ ನೆರಳು, ತಳದಲ್ಲಿ ಕೆಸರು. ತೋಟದಂಚಿನ ತೊರೆಗೆ ಕಾಂಕ್ರೀಟ್ ಹಾಕುವ ಮೊದಲು, ಜಡ್ಡಿಯ ನೀರನ್ನು ಪೂರ್ತಿ ಪಂಪಿಗೆ ಎಳೆಯುವ ಮೊದಲು ಮಲೆನಾಡಿನವರು ಒಂದು ರಾತ್ರಿ ಟಾರ್ಚ್ ಹಿಡಿದು ಆ ದಂಡೆಯಲ್ಲಿ ಕೂತು ನೋಡಲಿ. ಮಳೆಗಾಲದ ರಾತ್ರಿ ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಇಳಿಯುವವರು ರಸ್ತೆಯ ಮೇಲೆ ಕಪ್ಪೆ ಕಂಡಲ್ಲಿ ಗಾಡಿಯ ವೇಗ ಇಳಿಸಲಿ.